ಕತ್ತಿಯನ್ನು ಮದುವೆಯಾದವಳ ಕೊನೆಯ ಅಧ್ಯಾಯ

ಪುಸ್ತಕದಂಗಡಿಯಲ್ಲಿ ನಾನು ಪುಸ್ತಕ ಕೇಳುವ ರೀತಿಯನ್ನು ನೋಡಿದರೆ ನೀವು ನಗುತ್ತೀರಿ. ಹೆಸರು ಗೊತ್ತಿಲ್ಲ. ಬರೆದವರು ಯಾರೋ ಗೊತ್ತಿಲ್ಲ. ರಕ್ಷಾಪುಟದ ಬಣ್ಣವನ್ನಾದರೂ ಹೇಳೋಣವೆಂದರೆ, ನಾನು ಓದಿದ ಪ್ರತಿಗೆ ರಕ್ಷಾಪುಟವೇ ಇರಲಿಲ್ಲ. "ಪಾಳೇಗಾರರ ಕಾಲದ ಕಾದಂಬರಿ. ಮುಹೂರ್ತದ ಹೊತ್ತಿಗೆ ಗಂಡು ಯುದ್ಧಕ್ಕೆ ಹೋಗಿರ್ತಾನೆ, ಹುಡುಗಿಗೆ ಅವನ ಕತ್ತಿ ಜೊತೆ ಮದುವೆ ಮಾಡ್ತಾರೆ. ಆಮೇಲೆ ಅವನೇ ಕಾವಲುಗಾರನ ವೇಷದಲ್ಲಿ ಅವಳ ಮನೆಬಾಗಿಲಿಗೆ ಬರ್ತಾನೆ. ಇದೆಯಾ?" ಎನ್ನುತ್ತೇನೆ. ಅಂಗಡಿಯವನು ಪರೀಕ್ಷೆಯ ಗೈಡುಗಳ ರಾಶಿಯ ಹಿಂದಿನಿಂದ ತಲೆಯೆತ್ತಿ, ನನ್ನ ನರೆತ ಕೂದಲನ್ನೂ ಕೈಯಲ್ಲಿನ ತರಕಾರಿ ಚೀಲವನ್ನೂ ನೋಡಿ, "ಇಲ್ಲ ಮೇಡಂ" ಎನ್ನುತ್ತಾನೆ. ಆ 'ಮೇಡಂ'ನಲ್ಲಿ ಮರ್ಯಾದೆಗಿಂತ ಮರುಕವೇ ಹೆಚ್ಚು.

ನಾನು ರಾಮನಗರದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಲೆಕ್ಕದ ಟೀಚರು ಪ್ರೇಮದ ಕಾದಂಬರಿ ಓದಬಾರದೆಂದು ಯಾವ ಕಾನೂನೂ ಇಲ್ಲವಾದರೂ ಸ್ಟಾಫ್ ರೂಮಿನಲ್ಲಿ ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿಯೇ ಓದುತ್ತಿದ್ದೆ. ಅದರಲ್ಲೂ ನನಗೆ ಎಲ್ಲ ಪ್ರೇಮವೂ ಆಗಿಬರುವುದಿಲ್ಲ. ಕೋಟೆ ಇರಬೇಕು, ಕುದುರೆ ಇರಬೇಕು. ಹುಡುಗಿ ವೈರಿಗಳ ಮನೆಗೇ ಸೊಸೆಯಾಗಿ ಹೋಗಬೇಕು. ಮಳೆಗೆ ಸಿಕ್ಕಿ ಇಬ್ಬರೂ ಒಂದೇ ಮಂಟಪದಲ್ಲಿ ನಿಲ್ಲಬೇಕು, ಅಲ್ಲಿ ಒಂದೇ ಕಂಬಳಿ ಇರಬೇಕು, "ನಿಮಗೇ ಇರಲಿ" ಎಂದು ಇಬ್ಬರೂ ಜಗಳವಾಡಬೇಕು. ಕಂಬಳಿ ಎರಡಿದ್ದರೆ ಪುಸ್ತಕ ಮುಚ್ಚಿಬಿಡುತ್ತೇನೆ. ಮುಂದೇನಾಗುತ್ತದೆಂದು ಗೊತ್ತಿದ್ದೂ ಓದುವುದೇಕೆ ಎಂದು ನನ್ನ ಯಜಮಾನರು ಕೇಳುತ್ತಾರೆ. ನಿನ್ನೆ ಮುಗಿದ ಕ್ರಿಕೆಟ್ ಪಂದ್ಯವನ್ನು ಇವತ್ತು ಬಾಯಿ ಬಿಟ್ಟುಕೊಂಡು ನೋಡುವವರು ಕೇಳುವ ಪ್ರಶ್ನೆಯೇ ಇದು? ಲೆಕ್ಕದ ಪುಸ್ತಕದಲ್ಲೂ ಉತ್ತರ ಕೊನೆಯ ಪುಟಗಳಲ್ಲಿ ಇದ್ದೇ ಇರುತ್ತದೆ; ಸುಖವಿರುವುದು ಬಿಡಿಸುವುದರಲ್ಲಿ. ನನ್ನ ಗ್ರಹಚಾರಕ್ಕೆ ಈ ಒಂದು ಪುಸ್ತಕದ ಕೊನೆಯ ಪುಟಗಳೇ ನನಗೆ ಸಿಗಲಿಲ್ಲ.

ಕತ್ತಿಯ ಜೊತೆ ಮದುವೆ ಎಂದರೆ ಬರೀ ಕಟ್ಟುಕತೆ ಎಂದುಕೊಳ್ಳಬೇಡಿ. ಹಿಂದೆ ಅರಸುಮನೆತನಗಳಲ್ಲಿ ಮುಹೂರ್ತ ಮೀರಬಾರದೆಂದು ಗಂಡಿನ ಬದಲು ಅವನ ಕತ್ತಿಯನ್ನು ಹಸೆಮಣೆಗೆ ಕಳಿಸುವ ಪದ್ಧತಿ ಇತ್ತಂತೆ. ಯೋಚಿಸಿ ನೋಡಿದರೆ ಎಷ್ಟು ಅನುಕೂಲ! ಕತ್ತಿ ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ, ಗೊರಕೆ ಹೊಡೆಯುವುದಿಲ್ಲ, ಇಟ್ಟ ಕಡೆ ಇರುತ್ತದೆ. ನನ್ನ ಮದುವೆಯೂ ಹೆಚ್ಚುಕಡಿಮೆ ಹಾಗೆಯೇ ಆಯಿತು. ಯಜಮಾನರಿಗೆ ಚನ್ನಪಟ್ಟಣದಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವರು. ನಾನು ಸಾತನೂರಿನ ಹತ್ತಿರದ ಅವರ ಹಳ್ಳಿಯ ಮನೆಯಲ್ಲಿ. ಅವರು ಹೋಗುವಾಗ ನನ್ನ ಬಳಿ ಕತ್ತಿಯನ್ನೇನೂ ಬಿಟ್ಟು ಹೋಗುತ್ತಿರಲಿಲ್ಲ, ತಮ್ಮ ತಾಯಿಯನ್ನು ಬಿಟ್ಟು ಹೋಗುತ್ತಿದ್ದರು. ಹರಿತದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಈ ಪುಸ್ತಕ ಹುಡುಕುವ ಹಠವೂ ಈಗ ನನ್ನೊಬ್ಬಳದಲ್ಲ, ಆ ನನ್ನ ಅತ್ತೆಯದೇ. ಅವರಿಗೆ ಎಂಬತ್ತು ದಾಟಿದೆ. ಈಗ ರಾಮನಗರದಲ್ಲಿ ನಮ್ಮ ಜೊತೆ ಇದ್ದಾರೆ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬೆಳಕು ಯಾವುದು ಕತ್ತಲು ಯಾವುದು ಎನ್ನುವಷ್ಟು ಮಾತ್ರ ಉಳಿದಿದೆ. ಯುಗಾದಿಯ ಮಾರನೆಯ ದಿನ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು, "ಅಮ್ಮಿ, ನಾನು ಓಗೋದ್ರೊಳಗೆ ಒಂದು ಯೋಳ್ಬುಡು. ಕಾವಲಿನೋನು ತನ್ ಗಂಡನೇ ಅಂತ ಆ ಹೆಣ್ಣಿಗೆ ಗೊತ್ತಿತ್ತಾ, ಇಲ್ವಾ?" ಎಂದರು. ಆಸ್ತಿ ಕೇಳಲಿಲ್ಲ, ಕಾಶಿ ಕೇಳಲಿಲ್ಲ, ಇದನ್ನು ಕೇಳಿದರು.

ಇದರ ಹಿಂದಿನ ಕತೆ ಹೇಳಬೇಕು. ಅತ್ತೆಯ ಮನೆಯವರು ರೇಷ್ಮೆ ಹುಳು ಸಾಕುವವರು. ಹುಳದ ಮನೆಯೊಳಗೆ ಸಿಕ್ಕಸಿಕ್ಕವರು ಹೋಗುವಂತಿಲ್ಲ. ಪೇಟೆಯಿಂದ ಬಂದ ನಾನು ಪೌಡರ್ ಹಚ್ಚುವವಳು, ಆ ವಾಸನೆಗೆ ಹುಳಗಳು ಕಾಯಿಲೆ ಬೀಳುತ್ತವೆ ಎಂದು ಅತ್ತೆ ನನ್ನನ್ನು ಹೊಸಿಲಾಚೆಯೇ ನಿಲ್ಲಿಸಿದರು. ಪೌಡರ್ ಬಿಟ್ಟರೂ ಒಳಗೆ ಸೇರಿಸಲಿಲ್ಲ. ಹೆಚ್ಚು ಮಾತೂ ಆಡುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕೂತು, ಯಜಮಾನರು ಚನ್ನಪಟ್ಟಣದಿಂದ ತರುವ ಬಾಡಿಗೆ ಕಾದಂಬರಿಗಳನ್ನು ಬೇಸರಕ್ಕೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದು ಹೋಗಿ ಬಂದರೆ ಒಳಗಿನಿಂದ ಅತ್ತೆಯ ದನಿ: "ಯಾಕ್ ನಿಲ್ಸ್‌ಬುಟ್ಟೆ? ಆ ಕುದ್ರೆ ಸಿಕ್ತಾ?"

ಅಂದಿನಿಂದ ಅವರು ಒಳಗೆ ಹುಳಕ್ಕೆ ಸೊಪ್ಪು ಹಾಕುವುದು, ನಾನು ಹೊರಗೆ ಓದುವುದು. ನಡುವೆ ಅರ್ಧ ತೆರೆದ ಬಾಗಿಲು. ಹೊಸಿಲ ಮೇಲೆ ದಿನವೂ ನನಗಾಗಿ ಒಂದು ಲೋಟ ಮಜ್ಜಿಗೆ. ಅದನ್ನು ಯಾರು ಯಾವಾಗ ಇಡುತ್ತಾರೆಂದು ನಾನು ಕಂಡಿರಲಿಲ್ಲ. ಕಾದಂಬರಿಯಲ್ಲೂ ಕತ್ತಿಯನ್ನು ಮದುವೆಯಾದ ಆ ನಾಯಕಿ ಕಾವಲುಗಾರನಿಗೆಂದು ದಿನವೂ ಗೋಡೆಯ ಮೇಲೆ ಮಜ್ಜಿಗೆ ಇಡುತ್ತಿದ್ದಳು. ಆ ಪುಟ ಓದುವಾಗ ಒಳಗೆ ಸೊಪ್ಪು ಕತ್ತರಿಸುವ ಸದ್ದು ನಿಂತಿತ್ತು.

ಆ ಪ್ರತಿ ಮೊದಲೇ ಜೀರ್ಣವಾದದ್ದು. ಹೆಸರಿರುವ ಮೊದಲ ಹಾಳೆಗಳು ನಮಗಿಂತ ಹಿಂದಿನ ಓದುಗರ ಮನೆಯಲ್ಲೇ ಉದುರಿದ್ದವು. ಹಾಗಾಗಿಯೇ ಹೆಸರು ಗೊತ್ತಾಗಲಿಲ್ಲ. ಕೊನೆಯ ಅಧ್ಯಾಯ ಬೈಂಡಿನಿಂದ ಕಿತ್ತು ಬೇರೆಯಾಗಿತ್ತು. ಮೊಟ್ಟೆಯೊಡೆದು ಬಂದ ಎಳೆಯ ಹುಳಗಳಿಗೆ ತಟ್ಟೆಯಲ್ಲಿ ಕಾಗದ ಹಾಸುವುದು ನಮ್ಮ ಕಡೆ ವಾಡಿಕೆ. ಅವತ್ತು ಹಳೆ ಪೇಪರು ಸಾಲದೆ ಮಾವನವರು ಕಣ್ಣಿಗೆ ಬಿದ್ದ ಆ ಬಿಡಿ ಹಾಳೆಗಳನ್ನು ಒಪ್ಪವಾಗಿ ಹಾಸಿ, ಹುಳ ಬಿಟ್ಟು, ಮೇಲೆ ಎಳೆಸೊಪ್ಪು ಹೆಚ್ಚಿಹಾಕಿದರು. ನಮಗೆ ಗೊತ್ತಾಗುವ ಹೊತ್ತಿಗೆ ಹಾಸು ಬದಲಾಗಿ ಕೊನೆಯ ಅಧ್ಯಾಯ ತಿಪ್ಪೆ ಸೇರಿ, ಅದರ ಮೇಲೆ ಮಳೆಯೂ ಬಿದ್ದಿತ್ತು. "ಓದೋ ಪುಸ್ತಕವ ತಟ್ಟೆಗ್ ಹಾಸ್ತಾರಾ? ನಿಮಗೇನ್ ಕಣ್ ಕಾಣ್ದಾ?" ಎಂದು ಅತ್ತೆ ಮಾವನವರ ಮೇಲೆ ಹರಿಹಾಯ್ದರು. ಆ ಮನೆಯಲ್ಲಿ ಅವರು ನನ್ನ ಪರ ನಿಂತದ್ದು ಅದೇ ಮೊದಲು. ಕತೆ ಹೋದ ದುಃಖಕ್ಕಿಂತ ಆ ಸಂತೋಷವೇ ನನಗೆ ದೊಡ್ಡದಾಗಿತ್ತು.

ಬಾಡಿಗೆ ಪುಸ್ತಕದ ಅಂಗಡಿ ಬಾಷಾ ಸಾಹೇಬರದು. ಬೊಂಬೆ ಮಾಡುವ ಮನೆತನ. ಬೊಂಬೆಗೆ ಬಳಿಯುವ ಅರಗಿನ ಬಣ್ಣವನ್ನೇ ಪುಸ್ತಕಗಳ ಬೆನ್ನಿಗೂ ಬಳಿದಿದ್ದರು: ಪ್ರೇಮಕ್ಕೆ ಕೆಂಪು, ಸೇಡಿಗೆ ಹಸಿರು, ವೇಷ ಮರೆಸಿದ್ದಕ್ಕೆ ಹಳದಿ. ಹೆಣ್ಣುಮಕ್ಕಳು ಹೆಸರು ಹೇಳಿ ಕೇಳುವುದಿಲ್ಲ, "ಹೋದ ಸಲದ ಥರದ್ದೇ ಇನ್ನೊಂದು ಕೊಡಿ" ಎನ್ನುತ್ತಾರೆ ಎಂದು ಅವರು ಕಂಡುಕೊಂಡ ದಾರಿ ಅದು. ಹರಿದ ಪುಸ್ತಕ ವಾಪಸು ಕೊಡಲು ನಾನೇ ಹೋಗಿದ್ದೆ. ಅವರು ತಿರುವಿ ನೋಡಿ, "ಹುಳ ಪುಸ್ತಕ ತಿನ್ನೋದು ನೋಡಿದೀನಮ್ಮಾ, ಹುಳ ಪುಸ್ತಕ ಹಾಸ್ಕೊಂಡಿದ್ದು ಇದೇ ಫಸ್ಟು" ಎಂದು ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ಶುರುವಾಯಿತು ಅತ್ತೆಯ ಜೊತೆ ನನ್ನ ವಾದ. ಅವಳಿಗೆ ಗೊತ್ತಿರಲಿಲ್ಲ ಎಂದು ನಾನು, ಮೊದಲ ದಿನವೇ ಗೊತ್ತಿತ್ತು ಎಂದು ಅತ್ತೆ. ಮುಖವನ್ನೇ ನೋಡದ ಗಂಡನನ್ನು ವೇಷದಲ್ಲಿ ಗುರುತಿಸಲು ಹೇಗೆ ಸಾಧ್ಯ? ಕೊಟ್ಟಿರುವ ಅಂಶ ಸಾಲದು, ಲೆಕ್ಕ ಬಿಡಿಸಲಾಗದು. ಅತ್ತೆಯ ತರ್ಕವೇ ಬೇರೆ. "ಗೊತ್ತಿಲ್ದೆ ಯಾರಾದ್ರೂ ಕಾವಲಿನೋನ್ಗೆ ದಿನಾ ಮಜ್ಗೆ ಮಡುಗ್ತಾರಾ? ಹುಳ ಸೊಪ್ಪು ತಿನ್ನೋ ಸದ್ದು ನಿಂತ್ರೆ ಸೊಪ್ಪು ಮುಗೀತು ಅಂತ ಆಚೆಯಿಂದ್ಲೇ ಗೊತ್ತಾಗಕ್ಕಿಲ್ವಾ? ಅಂಗೇ ಇದೂವೆ. ಎಲ್ಲಾನೂ ಕಣ್ಣಲ್ಲೇ ನೋಡ್ಬೇಕಾ?" ಮಕ್ಕಳು ಹುಟ್ಟಿದರು, ಓದಿದರು, ಮಾವನವರು ತೀರಿಕೊಂಡರು. ವಾದ ಮಾತ್ರ ಹಾಗೇ ಉಳಿಯಿತು. ಬೇರೆ ಅತ್ತೆ ಸೊಸೆಯರು ಒಗ್ಗರಣೆಯ ವಿಷಯಕ್ಕೆ ಮುಖ ತಿರುಗಿಸಿಕೊಂಡರೆ ನಾವು ಪಾಳೇಗಾರನ ಹೆಂಡತಿಯ ವಿಷಯಕ್ಕೆ ತಿರುಗಿಸಿಕೊಳ್ಳುತ್ತಿದ್ದೆವು.

ಅತ್ತೆ ಕೈ ಹಿಡಿದು ಕೇಳಿದ ಮೇಲೆ ನಾನು ಸೆರಗು ಸಿಕ್ಕಿಸಿಯೇಬಿಟ್ಟೆ. ಮೊದಲು ವಾಟ್ಸಾಪಿನ ಓದುಗರ ಗುಂಪಿನಲ್ಲಿ ಕತೆ ಬರೆದು ಹಾಕಿದೆ. ಉತ್ತರಗಳ ಸುರಿಮಳೆ. ಒಬ್ಬರು ಕತ್ತಿ ಇದೆ, ಮದುವೆ ಇಲ್ಲ ಎಂದರು. ಇನ್ನೊಬ್ಬರು ಮದುವೆ ಇದೆ, ಆದರೆ ಗಂಡು ಅಮೆರಿಕದಿಂದ ಬರುತ್ತಾನೆ ಎಂದರು. ಮೂರನೆಯವರು ಶುಭೋದಯ ಎಂದರು. ಕನಕಪುರದ ಗುಜರಿ ಅಂಗಡಿಯಲ್ಲಿ ಮೂಗಿಗೆ ಸೆರಗು ಹಿಡಿದು ಒಂದು ಬೆಳಗು ಪೂರ್ತಿ ಹಳೆ ಪುಸ್ತಕದ ಮೂಟೆ ಕೆದಕಿದೆ. ಸಿಕ್ಕಿದ್ದು ನಾನೇ ಪಾಠ ಮಾಡಿದ್ದ ಬೀಜಗಣಿತ. ಚನ್ನಪಟ್ಟಣಕ್ಕೆ ಹೋದರೆ ಬಾಷಾ ಸಾಹೇಬರ ಅಂಗಡಿಯಲ್ಲಿ ಈಗ ಮೊಬೈಲಿನ ಕವರುಗಳು ನೇತಾಡುತ್ತಿವೆ. ಗಲ್ಲಾದಲ್ಲಿ ಮಗ, ಪಕ್ಕದ ಕುರ್ಚಿಯಲ್ಲಿ ಸಾಹೇಬರು. ನನ್ನನ್ನು ನೋಡಿದೊಡನೆ, "ಹುಳದ ಮನೆ ಸೊಸೆಯಮ್ಮ!" ಎಂದು ಮತ್ತೆ ನಕ್ಕರು. ಆ ಪುಸ್ತಕದ ಹೆಸರು ಅವರಿಗೂ ಗೊತ್ತಿರಲಿಲ್ಲ. "ಆ ಪುಸ್ತಕ ಇದ್ದ ಮೂಟೆ ಮಾಗಡಿ ಕಡೆಯಿಂದ ಬಂದಿತ್ತು ನೋಡಿ. ಅಲ್ಲಿನ ಹೆಂಗಸರು ಬಾಳಾ ಓದ್ತಿದ್ರು. ಅಲ್ಲೇ ಕೇಳಿ, ಸಿಗ್ತದೆ. ಬಿಡ್ಬೇಡಿ" ಎಂದರು.

ಬಿಡುವವಳು ಯಾರು? ಮಾಗಡಿ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಮತ್ತದೇ ಕತ್ತಿ, ಅದೇ ಕಾವಲುಗಾರ, ಅದೇ "ಇಲ್ಲ ಮೇಡಂ". ಆದರೆ ಪಕ್ಕದಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದ ಹೆಂಗಸು ನನ್ನ ಕತೆಯನ್ನು ಪೂರ್ತಿ ಕೇಳಿಸಿಕೊಂಡಿದ್ದಳು. ನಮ್ಮ ಕಡೆ ಪರರ ಮಾತಿಗೆ ಕಿವಿಗೊಡುವುದು ತಪ್ಪಲ್ಲ, ಉಪಕಾರ. "ಸೋಲೂರಲ್ಲಿ ಮಂಗಳಮ್ಮ ಅಂತವ್ರೆ, ಡೈರಿ ಪಕ್ಕದ ಮನೆ. ಇಂತವೆಲ್ಲಾ ಟ್ರಂಕ್ ತುಂಬ ಮಡಗವ್ರೆ, ಓಗಿ" ಎಂದಳು. ಬಂದ ಬಸ್ಸಿಗೆ ಹತ್ತಿದೆ.

ಮಂಗಳಮ್ಮನವರು ಕರುವಿಗೆ ಹಾಲು ಬಿಟ್ಟು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಬಾಯಿ ತೆರೆದು 'ಕತ್ತಿ' ಎನ್ನುವಷ್ಟರಲ್ಲಿ, "ಗೋಡೆ ಮ್ಯಾಲೆ ಮಜ್ಗೆ ಇಡ್ತಾಳಲ್ಲ, ಅದಾ?" ಎಂದರು. ಅಷ್ಟು ಊರು ಅಲೆದ ಮೇಲೆ ನನ್ನ ಕತೆಯನ್ನು ನನಗೇ ಹೇಳುವವರು ಒಬ್ಬರು ಸಿಕ್ಕಿದ್ದರು. ಟ್ರಂಕಿನ ತಳದಿಂದ ಪುಸ್ತಕ ಬಂತು. ತಲೆಬಾಲ ಎರಡೂ ಸರಿಯಾಗಿದ್ದವು. ಬರೆದವರು ಒಬ್ಬ ಮಹನೀಯರು, ಹೆಸರು ಹೇಳುವುದಿಲ್ಲ, ನೀವೂ ಒಸಿ ಅಲೆಯಿರಿ. ಓದಿ ಹಿಂದಿರುಗಿಸುತ್ತೇನೆಂದು ದೇವರ ಆಣೆ ಇಟ್ಟ ಮೇಲೂ ಅವರದೊಂದು ಷರತ್ತಿತ್ತು: "ವಾಪಸ್ ಕೊಡೋಕೆ ಬರೋವಾಗ ನಂಗೂ ಒಂದು ಕಾದಂಬ್ರಿ ಹುಡುಕ್ಕೊಂಡು ಬನ್ನಿ. ಗಂಡಸು ಮೊದ್ಲು ಅಳೋದು."

ಹಿಂದಿರುಗುವ ಬಸ್ಸಿನಲ್ಲಿ ಮಾಗಡಿ ಬರುವಷ್ಟರಲ್ಲಿ ಕೊನೆಯ ಅಧ್ಯಾಯ ಓದಿ ಮುಗಿಸಿದೆ. ಗೆದ್ದಿದ್ದೆ! ಅವಳಿಗೆ ಗೊತ್ತಿರಲಿಲ್ಲ. ಕಾವಲುಗಾರ ಒರೆಯಿಂದ ಕತ್ತಿ ಹಿರಿದಾಗ ಹಸೆಮಣೆಯಲ್ಲಿ ಕಂಡಿದ್ದ ಗುರುತನ್ನೇ ಅಲಗಿನ ಮೇಲೆ ಕಂಡು, ಆಶ್ಚರ್ಯದಿಂದ ಮೂರ್ಛೆ ಹೋಗುತ್ತಾಳೆ. ಮಜ್ಜಿಗೆಯನ್ನು ಇಟ್ಟದ್ದು ಬರೀ ದಯೆಯಿಂದ. ಕಿಟಕಿಯಾಚೆ ನಮ್ಮ ಬಂಡೆಗಳನ್ನು ನೋಡಿಕೊಂಡು ಒಬ್ಬಳೇ ನಗುತ್ತ ಕೂತೆ. ರಾಮನಗರ ಹತ್ತಿರವಾದಂತೆ ನಗು ಸಣ್ಣಗಾಯಿತು. ಈ ಉತ್ತರವನ್ನು ಒಯ್ದು ಯಾರಿಗೆ ಕೊಡಲಿ? ಅವಳಿಗೆ ಗೊತ್ತಿರಲಿಲ್ಲ ಎಂದು ಒಪ್ಪಿಸಿ ಗೆಲ್ಲುವುದಕ್ಕೆ ನಾನು ಇಷ್ಟು ಊರು ತಿರುಗಿದೆನೇ? ಅತ್ತೆಯನ್ನು ಈ ವಯಸ್ಸಿನಲ್ಲಿ ಸೋಲಿಸಲು ನನಗೆ ಮನಸ್ಸಾಗಲಿಲ್ಲ. ಇಳಿಯುವ ಮೊದಲೇ ತೀರ್ಮಾನಿಸಿದ್ದೆ.

ಮಾರನೆಯ ಮಧ್ಯಾಹ್ನ ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತರು. ನಾನು ಓದಿದೆ. ಕತ್ತಿ ಹಿರಿಯುವವರೆಗೆ ಇದ್ದದ್ದನ್ನು ಇದ್ದ ಹಾಗೆ. ಅಲ್ಲಿಂದ ಮುಂದೆ ನನ್ನದು. "ಸ್ವಾಮಿ, ತಾವೆಂದು ನನಗೆ ಮೊದಲ ದಿನವೇ ತಿಳಿದಿತ್ತು" ಎಂದು ನನ್ನ ನಾಯಕಿ ಮೂರ್ಛೆ ಹೋಗದೆ ನೆಟ್ಟಗೆ ನಿಂತು ನುಡಿದಳು. ಹೆಜ್ಜೆಯ ಸದ್ದಿನ ವಿಷಯ ಹೇಳಿದಳು, ಮಜ್ಜಿಗೆಯ ವಿಷಯ ಹೇಳಿದಳು. ಗಂಡಸನ್ನು ಒಂದಿಷ್ಟು ಅಳಿಸಿದೆ ಕೂಡ, ಮಂಗಳಮ್ಮನವರ ಲೆಕ್ಕಕ್ಕೆ. ನನಗೇ ಕಣ್ಣು ಒದ್ದೆಯಾಯಿತು. 'ಮುಗಿಯಿತು' ಎಂದು ಪುಸ್ತಕ ಮುಚ್ಚಿದೆ.

ಅತ್ತೆ, "ಬಾಳ ಚೆಂದಾಗೈತೆ" ಎಂದರು. ಆಮೇಲೆ, "ಅಮ್ಮಿ, ಅಷ್ಟೂ ಮಾತು ಒಂದೇ ಹಾಳೇಲಿ ಇಡಿಸ್ತಾ? ಮಗುಚಿದ್ ಸದ್ದೇ ಬರ್ಲಿಲ್ವಲ್ಲ."

ನಾನು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದೆ.

"ಗೊತ್ತಿರ್ಲಿಲ್ಲ ಅಂತ ಬರ್ದವ್ನೆ, ಅಲ್ವಾ?"

"ಹೂಂ ಅತ್ತೆ. ಮೂರ್ಛೆ ಹೋಗ್ತಾಳೆ."

"ಬರ್ದೋನು ಗಂಡಸು. ಅವನ್ಗೇನ್ ಗೊತ್ತು ಪಾಪ" ಎಂದು ಅತ್ತೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಅವಂದೂ ಒಂದ್ಸಲ ಓದ್ಬುಡು, ಕೇಳಾನ. ಆಮೇಲೆ ನಿಂದು ಇನ್ನೊಂದ್ಸಲ ಯೋಳು."

ವೇಷ ಹಾಕಿದವರನ್ನು ಗುರುತಿಸಲು ಸಾಧ್ಯವೇ ಇಲ್ಲ ಎಂದು ಮದುವೆಯಾದಾಗಿನಿಂದ ವಾದಿಸಿದವಳು ನಾನು. ಕಣ್ಣಿಲ್ಲದವರ ಮುಂದೆ ಒಂದು ಪುಟದ ವೇಷವನ್ನು ಉಳಿಸಿಕೊಳ್ಳಲಾಗಲಿಲ್ಲ. ಗಂಟಲು ಒಣಗಿತ್ತು. ಒಳಗೆ ಹೋಗಿ ನೀರು ಕುಡಿದು, ಬರುವಾಗ ಸದ್ದಾಗದಂತೆ ಒಂದು ಲೋಟ ಮಜ್ಜಿಗೆಯನ್ನು ಅವರ ಕೈಗೆಟಕುವ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅತ್ತೆ ತಡವರಿಸದೆ ಅದನ್ನು ಎತ್ತಿಕೊಂಡು ಕುಡಿದರು. ಯಾರು ಇಟ್ಟದ್ದೆಂದು ಕೇಳಲಿಲ್ಲ.