ಡ್ರಮ್ಮಿನ ಸೇತುವೆ ನಡುಹಗಲಿಗೆ ತೆರೆದ ದಿನ

ನನ್ನ ಮಗಳು ಶಾರದಾ ಹುಟ್ಟಿದ್ದು ಎಪ್ಪತ್ತೇಳನೆಯ ಇಸವಿಯ ದೀಪಾವಳಿ ಮುಂದೆ. ಅವಳಿಗೆ ಆರು ತಿಂಗಳು ತುಂಬಿದ ಬೇಸಿಗೆಯಲ್ಲಿ ಇದು ನಡೆಯಿತು. ಹಾಗಾದರೆ ಎಪ್ಪತ್ತೆಂಟು ಇರಬೇಕು. ನನಗೆ ಇಸವಿಯ ಲೆಕ್ಕ ಮಕ್ಕಳ ಮೇಲಿಂದಲೇ ಬರುತ್ತದೆ. ಅಕ್ಷರ ಕಲಿತದ್ದೂ ಐವತ್ತು ದಾಟಿದ ಮೇಲೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಿಜಾಪುರ ಜಿಲ್ಲೆಯ ಇಂಡಿ ಕಡೆಯಿಂದ ನಾವು ಇಪ್ಪತ್ತು ಮಂದಿ ಸೋಲಾಪುರದ ಗಾಡಿ ಹತ್ತಿ ಕಲ್ಯಾಣಕ್ಕೆ ಬಂದಿದ್ದೆವು. ಅಲ್ಲಿಯವರು ಖಾಡಿ ಅನ್ನುವ ಅಗಲದ ಹೊಳೆಯ ಮೇಲಿನ ಒಂದು ಹಳೆ ಕಲ್ಲಿನ ಸೇತುವೆ ರಿಪೇರಿಗೆ ಬಂದಿತ್ತು. ನಡುವಿನ ಒಂದು ಕಮಾನನ್ನೇ ಕಿತ್ತು ಹಾಕಿದ್ದರು. ಮಂದಿ ದಾಟಲಿ ಅಂತ ಪಕ್ಕದಲ್ಲಿ ಖಾಲಿ ಡ್ರಮ್ಮುಗಳನ್ನು ನೀರಿನ ಮೇಲೆ ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿದ್ದರು. ಅದಕ್ಕೆ ಎಲ್ಲರೂ ಡ್ರಮ್ಮಿನ ಪೂಲ್ ಅನ್ನುತ್ತಿದ್ದರು. ನಡೆದರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

ಆ ಖಾಡಿಯಲ್ಲಿ ಮರಳಿನ ಬೋಟುಗಳು ಓಡಾಡುತ್ತಿದ್ದವು. ದಿವಾ, ಮುಂಬ್ರಾ ಕಡೆ ನೀರಿನ ತಳದಿಂದ ಮರಳು ತೆಗೆದು ಕಲ್ಯಾಣಕ್ಕೆ ತರುತ್ತಿದ್ದರು. ಅವು ದಾಟಬೇಕಾದರೆ ಡ್ರಮ್ಮಿನ ಪೂಲಿನ ನಡುವಿನ ತುಂಡನ್ನು ಸರಪಳಿ ಹಿಡಿದು ನಾಲ್ಕು ಜನ ಬದಿಗೆ ಎಳೆಯಬೇಕು. ಆಗ ಎತ್ತಿನ ಗಾಡಿ ಹೊರಳುವಷ್ಟು ಸಂದು ಬೀಳುತ್ತಿತ್ತು. ಬೋಟು ದಾಟುವಾಗ ಮನುಷ್ಯ ದಾಟುವ ಹಾಗಿಲ್ಲ. ರಿಪೇರಿ ಕೆಲಸಕ್ಕೆ ಅಡ್ಡಿ ಆಗಬಾರದು ಅಂತ ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ ಮಾತ್ರ ತೆಗೆಯುತ್ತಿದ್ದರು. ನಮಗೆ ಅದು ಚೆನ್ನಾಗಿತ್ತು. ಬೋಟಿನವರಿಗೆ ಚೆನ್ನಾಗಿರಲಿಲ್ಲ. ಗಡಿಯಾರ ಏಳು ಹೊಡೆದಾಗ ನೀರೇ ಇಲ್ಲದಿದ್ದರೆ ಬೋಟು ಕೆಸರಿನಲ್ಲಿ ಕೂರುತ್ತದೆ. ಅವರು ಸೇತುವೆ ಕೆಲಸದ ಇಂಜಿನಿಯರ್ ಸಾಹೇಬರ ಹತ್ತಿರ ಹೋಗಿ ಜಗಳ ಮಾಡಿದರು.

ಕೆಲಸದ ಉಸ್ತುವಾರಿ ಒಬ್ಬ ಶೆಟ್ಟರದು. ಕುಂದಾಪುರದ ಕಡೆಯವರು, ತೆಳ್ಳಗೆ, ಸದಾ ಛತ್ರಿ. ನಮ್ಮ ಹಾಜರಿ ಹಾಕುವವರು ಅವರೇ. ಒಂದು ದಿನ ನಮ್ಮ ಗುಡಿಸಲಿನ ಹತ್ತಿರ ಬಂದು ಹೇಳಿದರು.

"ಕೇಳಿ ಎಲ್ಲ. ನಾಳೆಯಿಂದ ಪೂಲ್ ತೆಗೆಯುವ ಟೈಮ್ ಬದಲು ಉಂಟು. ಬೆಳಿಗ್ಗೆ ಸಂಜೆ ಅಲ್ಲ, ಭರತಿಗೆ ಸರಿಯಾಗಿ. ದಿನಾ ಮುಕ್ಕಾಲು ಗಂಟೆ ಮುಂದೆ ಹೋಗ್ತದೆ. ಬೋರ್ಡ್ ಹಾಕಿದ್ದೇವೆ, ನೋಡಿಕೊಳ್ಳಿ."

"ಬೋರ್ಡ್ ನಮಗ ಏನ್ ಹೇಳತೈತ್ರಿ ಶೆಟ್ರ? ಅದೂ ಸುಮ್ಮನ ನಿಂತಿರತೈತಿ, ನಾವೂ ಸುಮ್ಮನ ನಿಂತಿರತೀವಿ" ಅಂದಳು ಸಂಗವ್ವ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ನಾವು ಕೆಲಸದಲ್ಲಿದ್ದಾಗ ಕೂಸುಗಳನ್ನು ಕಾಯುತ್ತಿದ್ದವಳು ಅವಳೇ.

ಎಲ್ಲರೂ ನಕ್ಕೆವು. ಭರತಿ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾಳೆ ಅಂದರೆ ಅಮಾವಾಸ್ಯೆ. ಅಮಾವಾಸ್ಯೆ ದಿನ ನಮ್ಮ ಮಂದಿ ಬುಟ್ಟಿ ಸಲಿಕೆ ಮುಟ್ಟುವುದಿಲ್ಲ. ಊರಲ್ಲಿ ಎತ್ತು ಹೂಡುವುದಿಲ್ಲ, ಇಲ್ಲಿ ಎತ್ತು ಇಲ್ಲ, ಆದರೂ ಪದ್ಧತಿ ಬಿಡಲಿಲ್ಲ. ನನಗೆ ಅದೆಲ್ಲ ಇಲ್ಲ. ಗಂಡ ಬೇರೆ ಕೆಲಸಕ್ಕೆ ಠಾಣೆಗೆ ಹೋಗಿದ್ದ. ಸಿಮೆಂಟ್ ಬಾರದೆ ಮೂರು ದಿನ ಕೆಲಸ ನಿಂತಿತ್ತು, ಕೂತು ಕೂತು ಬೇಸರ ಬಂದಿತ್ತು. ನಾನು ಕೂಸನ್ನು ಬಗಲಿಗೆ ಹಾಕಿಕೊಂಡು ಹೊರಟೆ.

"ನೀಲವ್ವಾ, ಅಮಾಸಿ ದಿನ ಹಸಿಗೂಸನ್ನ ನೀರ ದಂಡಿಗೆ ಒಯ್ಯಬ್ಯಾಡ" ಅಂದಳು ಸಂಗವ್ವ.

"ಯಾಕ, ನೀರಾಗ ಅಮಾಸಿ ಕುಂತಿರತೈತೇನ?" ಅಂದೆ.

"ಬಾಯಿ ಬಾಳ ಆಗೈತಿ ನಿಂದು" ಅಂತ ಅವಳು ಮುಖ ತಿರುವಿದಳು.

ನನ್ನ ಹಾಗೆ ಬಂದವರು ಇನ್ನು ಮೂವರು ಹೆಂಗಸರು. ಅವರ ಹತ್ತಿರ ಕೂಸಿರಲಿಲ್ಲ. ಕೆಲಸ ಆಚೆ ದಂಡೆಯಲ್ಲಿತ್ತು. ಅಲ್ಲಿ ದಂಡೆಗೆ ಹತ್ತಿದ ಕೊನೆಯ ಕಮಾನಿನ ಕೆಳಗೆ ತಂಪು ನೆರಳು, ಗಾಳಿ. ನಾವು ಬಂದಾಗಿನಿಂದ ಕೂಸುಗಳ ಜೋಲಿ ಕಟ್ಟುವ ಜಾಗ ಅದೇ. ಬಂದು ಹತ್ತು ದಿನವಾಗಿತ್ತು, ಅಲ್ಲಿಗೆ ನೀರು ಮುಟ್ಟಿದ್ದು ಯಾರೂ ಕಂಡಿರಲಿಲ್ಲ. ನಾನು ನನ್ನ ಹಸಿರು ಸೀರೆಯನ್ನು ಎರಡು ಕಂಬದ ನಡುವೆ ಕಟ್ಟಿ ಶಾರದಾಳನ್ನು ಮಲಗಿಸಿದೆ. ಜೋಲಿ ನೆಲದಿಂದ ಮೊಣಕಾಲೆತ್ತರ. ನೀರು ಎಲ್ಲೋ ಕೆಳಗೆ, ಕೆಸರಿನ ಆಚೆ ಇತ್ತು.

ಹೊತ್ತೇರಿದ ಮೇಲೆ ಈಚೆ ದಂಡೆಗೆ ಜಲ್ಲಿಯ ಲಾರಿ ಬಂತು. ಜನ ಕಮ್ಮಿ, ಎಲ್ಲರೂ ಬನ್ನಿ ಅಂತ ಶೆಟ್ಟರು ಕೂಗಿದರು. ನಾನು ಕೂಸಿಗೆ ಹಾಲು ಕುಡಿಸಿ, ತೂಗಿ, ನಿದ್ದೆ ಹತ್ತಿದ ಮೇಲೆ ಪೂಲ್ ದಾಟಿ ಬಂದೆ. ಒಂದು ಗಂಟೆಗೆ ಕಾರ್ಖಾನೆಯ ಭೋಂಗಾ ಕೂಗಿದರೆ ಊಟದ ಬಿಡುವು. ಆಗ ಬಂದರಾಯಿತು ಅಂತ ಲೆಕ್ಕ ಹಾಕಿದ್ದೆ. ಲಾರಿ ನಿಂತದ್ದು ಏರಿಯ ಆಚೆ ರಸ್ತೆಯಲ್ಲಿ. ಅಲ್ಲಿಂದ ನೀರು ಕಾಣುವುದಿಲ್ಲ.

ಕಾರ್ಖಾನೆಯ ಭೋಂಗಾ ಒಂದಕ್ಕೆ ಕೂಗಿತು. ಬುಟ್ಟಿ ಬಿಸಾಕಿ ಏರಿ ಹತ್ತಿ ಇಳಿದು ಪೂಲಿನ ಮೇಲೆ ಅರ್ಧ ದಾರಿ ಬಂದೆ. ಮುಂದೆ ಪೂಲ್ ಇಲ್ಲ. ನಡುವಿನ ತುಂಡು ಎಳೆದಿಟ್ಟಿದ್ದರು. ಸಂದಿನಲ್ಲಿ ಮರಳಿನ ಬೋಟುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಶೆಟ್ಟರು ಛತ್ರಿ ಹಿಡಿದು ಸರಪಳಿಯ ಹತ್ತಿರ ನಿಂತಿದ್ದರು.

"ಶೆಟ್ರ, ಪೂಲ್ ಹಾಕ್ರಿ. ನಾ ಆ ಕಡಿ ಹೋಗಬೇಕು."

"ನಿನ್ನೆಯೇ ಹೇಳಿದ್ದಲ್ವಾ ಮಾರಾಯ್ತಿ? ಇನ್ನೂ ಹತ್ತು ಬೋಟ್ ಬಾಕಿ ಉಂಟು. ಅರ್ಧ ಗಂಟೆ ಕೂತ್ಕೋ."

"ಕೂಸಿಗೆ ಹಾಲ್ ಕುಡಸಬೇಕ್ರಿ."

"ಅರ್ಧ ಗಂಟೆಗೆ ಎಂತ ಆಗ್ತದೆ? ಸಂಗವ್ವ ಇಲ್ವಾ?"

"ಇಲ್ರಿ. ಅಮಾಸಿ ಅಂತ ಬಂದಿಲ್ಲ. ಕೂಸು ಒಂದ ಐತಿ."

"ಎಲ್ಲಿ?"

ನಾನು ಆಚೆ ಕಮಾನಿನ ಕಡೆ ಕೈ ತೋರಿಸಿದೆ. ಅದರ ಮುಂದೆ ಇನ್ನೊಂದು ಕಂಬ ಅಡ್ಡ ಇದ್ದುದರಿಂದ ಒಳಗೆ ಏನೂ ಕಾಣುತ್ತಿರಲಿಲ್ಲ. ಶೆಟ್ಟರ ಕೈಯಿಂದ ಛತ್ರಿ ಜಾರಿತು. ನಿಜ ಹೇಳುತ್ತೇನೆ, ಅವರ ಮುಖ ನೋಡಿ ನನಗೆ ಸಿಟ್ಟು ಬಂತು. ಇವರಿಗೇನಾಯಿತು ಅನ್ನಿಸಿತು.

"ಕಮಾನಿನ ಕೆಳಗಾ? ಇವತ್ತು ಅಮಾವಾಸ್ಯೆ ಅಲ್ವಾ ಮಾರಾಯ್ತಿ! ನೀರು ಏರ್ತದೆ ಅಲ್ಲಿಗೆ!"

"ಮಳಿ ಎಲ್ಲೈತ್ರಿ? ಮಳಿ ಇಲ್ಲದ ನೀರು ಹ್ಯಾಂಗ ಏರತೈತಿ?"

ನಾನು ಇದನ್ನು ಜಗಳದ ದನಿಯಲ್ಲೇ ಕೇಳಿದೆ. ನಮ್ಮೂರಲ್ಲಿ ಭೀಮೆಗೆ ನೀರು ಬರಬೇಕಾದರೆ ಎಲ್ಲೋ ಮಳೆ ಆಗಬೇಕು. ಆಕಾಶ ಬಿಳಿ ಬಟ್ಟೆಯ ಹಾಗೆ ಸುಡುತ್ತಿತ್ತು. ಕೇಳಿದ ಮೇಲೆ ಕೆಳಗೆ ನೋಡಿದೆ. ಒಂದು ತೆಂಗಿನ ಚಿಪ್ಪು ತೇಲಿ ಬರುತ್ತಿತ್ತು. ಅದು ಹೋಗಬೇಕಾದ ದಿಕ್ಕಿಗೆ ಹೋಗುತ್ತಿರಲಿಲ್ಲ, ಹಿಂದಕ್ಕೆ, ಮೇಲಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ನಾನು ಕಂಡ ಕೆಸರು ಎಲ್ಲೂ ಇರಲಿಲ್ಲ.

ಸಂದಿನೊಳಗೆ ಆಗ ಬರುತ್ತಿದ್ದ ಬೋಟಿನಲ್ಲಿ ಒಬ್ಬ ದಪ್ಪ ಮೀಸೆಯ ಮುದುಕ ಉದ್ದ ಬಿದಿರು ಹಿಡಿದು ನಿಂತಿದ್ದ. ಅಲ್ಲಿಯ ಆಗರಿ ಜನದವನು. ಎಲ್ಲರೂ ಅವನನ್ನು ತಾತ್ಯಾ ಅನ್ನುತ್ತಿದ್ದರು. ಶೆಟ್ಟರು ಅವನಿಗೆ ಮರಾಠಿಯಲ್ಲಿ ಕೂಗಿದರು: "ತಾತ್ಯಾ, ಪೋರ್ ಆಹೆ ತಿಕಡೆ! ಕಮಾನೀಖಾಲೀ!" ಕಮಾನಿನ ಕೆಳಗೆ ಮಗು ಇದೆ ಅಂತ.

ತಾತ್ಯಾ ಕೂಡಲೇ ಬಿದಿರನ್ನು ಊರಿ ಬೋಟಿನ ಮೂತಿಯನ್ನು ಆಚೆ ದಂಡೆಯ ಕಡೆ ತಿರುಗಿಸತೊಡಗಿದ. ಅವನ ಇಬ್ಬರು ಆಳುಗಳೂ ಬಿದಿರು ಹಾಕಿದರು.

"ಹಾರು!" ಅಂದರು ಶೆಟ್ಟರು. ನಾನು ಹಾರಲಿಲ್ಲ. ಅವರು ನನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಿದರು. ಹಸಿ ಮರಳಿನ ಮೇಲೆ ಮಂಡಿ ಊರಿ ಬಿದ್ದೆ.

ಹಿಂದಿನ ಬೋಟಿನವರು ಬೈಯುತ್ತಿದ್ದರು. ಅಂಥ ತುಂಬಿದ ಬೋಟು ಬರುವ ನೀರಿಗೆ ಅಡ್ಡ ತಿರುಗುವುದು ಸುಲಭವಲ್ಲ. ತಿರುಗಿತು. ಕಂಬ ಬಳಸಿ ಕಮಾನಿನ ಬಾಯಿಗೆ ಬಂದು, ದಂಡೆಯ ಕಲ್ಲಿಗೆ ಧಡ್ ಅಂತ ಹತ್ತಿ ಕೂತಿತು.

ಒಳಗೆ ಜೋಲಿ ಇತ್ತು. ಅದರ ತಳ ನೀರಿನಲ್ಲಿ ಮುಳುಗಿ ಹೊಟ್ಟೆಯ ಹಾಗೆ ಊದಿಕೊಂಡಿತ್ತು. ಕೂಸು ಅಳುತ್ತಿರಲಿಲ್ಲ. ಎದ್ದಿದ್ದಳು. ಒಂದು ಕೈ ಹೊರಗೆ ಹಾಕಿ ನೀರಿಗೆ ಪಟಪಟ ಹೊಡೆಯುತ್ತಿದ್ದಳು, ಆಟದ ಸಾಮಾನು ಸಿಕ್ಕವರ ಹಾಗೆ. ತಾತ್ಯಾ ನನಗಿಂತ ಮುಂಚೆ ಧುಮುಕಿದ. ನೀರು ಅವನ ತೊಡೆಯ ಮಟ್ಟ ಇತ್ತು. ಗಂಟು ನೆನೆದು ಬಿಗಿದಿತ್ತು, ಬಿಚ್ಚಲಿಲ್ಲ. ಸೊಂಟದ ಕತ್ತಿ ತೆಗೆದು ಸೀರೆಯನ್ನೇ ಕೊಯ್ದು, ಕೂಸನ್ನು ಬಟ್ಟೆ ಸಮೇತ ಎತ್ತಿ ನನ್ನ ಕೈಗೆ ಕೊಟ್ಟ. ಆಮೇಲೆ ಬೈದ.

"ಪಾನಿ ಕಾ ಟೈಮ್ ಮಾಲೂಮ್ ನಹೀ ಕ್ಯಾ ತುಮ್ ಲೋಗ್ ಕೋ? ಅಮಾವಸ್ಯಾ ಹೈ ಆಜ್!"

ನೀರಿಗೂ ಟೈಮ್ ಇರುತ್ತದೆ ಅಂತ ನನಗೆ ಗೊತ್ತಾದದ್ದು ಹೀಗೆ. ಭರತಿ ಅಂದರೆ ಇದೇ, ಸಮುದ್ರದ ನೀರು ಏರಿ ಬರುವುದು. ಕೂಸಿನ ತಲೆ, ಕಿವಿ, ಬಾಯಿ ಎಲ್ಲ ಮುಟ್ಟಿ ನೋಡಿದೆ. ಒಣಗಿದ್ದವು. ಬೆನ್ನು ಮಾತ್ರ ಒದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಬೋಟು ಕಲ್ಲಿನ ಮೇಲೆ ಕೂತಿತ್ತು. ತಳ್ಳಿದರು, ಅಲುಗಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನೀರು ಏರುವುದು ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಇಳಿದರೆ ಮರಳಿನ ಭಾರಕ್ಕೆ ಬೋಟಿನ ತಳ ಕಲ್ಲಿಗೆ ಒತ್ತಿ ಬಿರಿಯುತ್ತದೆ. ತಾತ್ಯಾನಿಗೆ ಅದೊಂದೇ ಬೋಟು. ಇದನ್ನೆಲ್ಲ ಅವನ ಆಳುಗಳು ಹೇಳಿದರು. ಅವನು ಬೋಟಿನ ಬದಿಗೆ ಕೈ ಇಟ್ಟು ನೀರನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಶೆಟ್ಟರು ಉಳಿದ ಬೋಟುಗಳನ್ನು ತಡೆದು ಪೂಲಿನ ತುಂಡು ಹಾಕಿಸಿದ್ದರು. ಹಾಗೆ ತಡೆದದ್ದಕ್ಕೆ ಮರುದಿನ ಸಾಹೇಬರಿಂದ ಬೈಸಿಕೊಂಡರು ಅಂತ ಆಮೇಲೆ ಕೇಳಿದೆ. ಅವರು ನೇರ ನಮ್ಮ ಗುಡಿಸಲಿಗೆ ಓಡಿ ಕೂಗಿದ್ದಾರೆ. ಏನು ಕೂಗಿದರೋ ಗೊತ್ತಿಲ್ಲ. ನಾನು ಕಂಡದ್ದು ಇಷ್ಟು: ಡ್ರಮ್ಮಿನ ಪೂಲಿನ ಮೇಲೆ ನಮ್ಮ ಮಂದಿ ಓಡಿ ಬರುತ್ತಿದ್ದರು. ಗಂಡಸರು, ಹೆಂಗಸರು, ಎಲ್ಲರ ಕೈಯಲ್ಲೂ ಬುಟ್ಟಿ. ಮುಂದೆ ಸಂಗವ್ವ.

ಅವಳು ನನ್ನನ್ನು, ಕೂಸನ್ನು ನೋಡಿದಳು. "ಐತಿಲ್ಲ ಜೀವ?" ಅಂದಳು.

"ಐತಿ."

"ಹಂಗಾರ ಕೂಸನ್ನ ನನ್ನ ಕೈಯಾಗ ಕೊಟ್ಟು ಬುಟ್ಟಿ ಹಿಡಿ. ಏನ್ ನೋಡಕೋತ ನಿಂತೀದಿ?"

"ಅಮಾಸಿ ಐತೆಲ್ಲ ಯವ್ವಾ" ಅಂದೆ. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಮಾಸಿಗೆ ನಾ ಹೇಳಕೋತೀನಿ. ನೀ ಹೊರು" ಅಂದಳು.

ಬೋಟಿನಿಂದ ದಂಡೆಯವರೆಗೆ ಸಾಲಾಗಿ ನಿಂತು ಮರಳು ಇಳಿಸಿದೆವು. ನೀರಿನಲ್ಲಿ ಸೊಂಟದವರೆಗೆ ನಿಂತವರು ನಿಂತೇ ಇದ್ದರು. ಈಜು ಯಾರಿಗೂ ಬರದು. ತಾತ್ಯಾ ಒಂದು ಕಲ್ಲಿನ ಮೇಲೆ ಬೆರಳಿಟ್ಟು ನೀರಿನ ಗುರುತು ನೋಡುತ್ತಿದ್ದ. ಏರುವುದು ನಿಂತಿತು. ಬುಟ್ಟಿ ಮಾತ್ರ ನಿಲ್ಲಲಿಲ್ಲ. ಗುರುತಿನಿಂದ ನೀರು ಒಂದು ಬೆರಳು ಇಳಿದ ಹೊತ್ತಿಗೆ ಬೋಟಿನ ಹಿಂಭಾಗ ಅಲುಗಿತು. ಎಲ್ಲರೂ ಹೆಗಲು ಕೊಟ್ಟೆವು. ಕಲ್ಲು ಕೆರೆದ ಸದ್ದು ಬಂತು, ಬೋಟು ತೇಲಿತು. ತಾತ್ಯಾ ಮೇಲೆ ಹತ್ತಿ, ನಮ್ಮ ಕಡೆ ತಿರುಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಜೋರಾಗಿ ನಕ್ಕ. ದಂಡೆಯ ಮರಳನ್ನು ಮರುದಿನದ ನೀರಿಗೆ ಬಂದು ಒಯ್ದ. ಅದನ್ನೂ ನಾವೇ ತುಂಬಿಸಿಕೊಟ್ಟೆವು.

ಅದಾದ ಮೇಲೆ ಶೆಟ್ಟರು ಕಮಾನಿನ ಕಂಬಕ್ಕೆ ಆ ದಿನದ ನೀರು ಮುಟ್ಟಿದ ಎತ್ತರದಲ್ಲಿ ಕೆಂಪು ಬಣ್ಣದ ಗೀಟು ಎಳೆಸಿದರು. ಪೂಲ್ ತೆಗೆಯುವ ಮುಂಚೆ ಒಂದು ಹಳಿಯ ತುಂಡನ್ನು ಬಡಿಸುತ್ತಿದ್ದರು, ಏರಿಯ ಆಚೆಗೂ ಕೇಳುವ ಹಾಗೆ. "ಬೋರ್ಡ್ ಓದುವವರಿಗೆ ಬೋರ್ಡ್, ನಿಮಗೆ ಇದು" ಅಂದರು. ನನ್ನನ್ನು ಕಂಡಾಗ ಮಾತ್ರ, "ಮಳಿ ಎಲ್ಲೈತ್ರಿ?" ಅಂತ ನನ್ನ ಮಾತನ್ನೇ ಹಚ್ಚಿ ನಗುತ್ತಿದ್ದರು. ನಗಲಿ ಬಿಡಿ. ಅವರಿಗೆ ಅಷ್ಟು ಹಕ್ಕಿತ್ತು.

ತಾತ್ಯಾ ನನಗೆ ನೀರಿನ ಲೆಕ್ಕ ಕಲಿಸಿದ. ತಿಥಿ ಎಷ್ಟೋ ಅದರ ಮುಕ್ಕಾಲು ಪಾಲು ಮಾಡು. ಅಷ್ಟಮಿ ಅಂದರೆ ಎಂಟು, ಅದರ ಮುಕ್ಕಾಲು ಆರು. ಆರಕ್ಕೆ ಸಮುದ್ರ ತುಂಬುತ್ತದೆ. ಕಲ್ಯಾಣಕ್ಕೆ ಬರಲು ಇನ್ನೊಂದು ಎರಡೂವರೆ ತಾಸು. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಎಲ್ಲ ದಿನಕ್ಕಿಂತ ಮೇಲೆ ಏರುತ್ತದೆ. ಅಕ್ಷರಕ್ಕಿಂತ ಮೊದಲು ನಾನು ಕಲಿತ ವಿದ್ಯೆ ಅದು. ಕೊಯ್ದ ಸೀರೆಯ ಒಂದು ಚೂರನ್ನು ಅವನು ತನ್ನ ಬಿದಿರಿನ ತುದಿಗೆ ಸುತ್ತಿಕೊಂಡಿದ್ದ, ಕೈ ಜಾರಬಾರದು ಅಂತ. ನಾವು ಅಲ್ಲಿದ್ದಷ್ಟು ದಿನ ಹಳಿ ಬಡಿದಾಗೆಲ್ಲ ಆ ಹಸಿರು ಬಟ್ಟೆ ಸಂದಿನಲ್ಲಿ ಬರುವುದನ್ನು ಕೂಸಿಗೆ ಎತ್ತಿ ತೋರಿಸುತ್ತಿದ್ದೆ.

ಸಂಗವ್ವ ಸಾಯುವವರೆಗೂ ಅಮಾವಾಸ್ಯೆಯ ಕಾಟ ಅಂತಲೇ ಹೇಳಿದಳು. ನಾನು ನೀರಿನ ಕಾಟ ಅಂದೆ. ಯೋಚಿಸಿದರೆ ಇಬ್ಬರೂ ಒಂದೇ ಹೇಳುತ್ತಿದ್ದೆವು.

ಶಾರದಾ ಈಗ ದಿವಾದಲ್ಲಿರುತ್ತಾಳೆ. ಅವಳಿಗೇ ಮೊಮ್ಮಗು ಬಂದಿದೆ. ಲೋಕಲ್‌ನಲ್ಲಿ ಅವಳ ಜೊತೆ ಹೋಗುವಾಗ ಖಾಡಿ ಬಂದರೆ ನಾನು ಕಿಟಕಿಗೆ ಮುಖ ಹಚ್ಚುತ್ತೇನೆ.

"ಕ್ಯಾ ದೇಖ್ತೀ ಹೈ ಮಾ?" ಅನ್ನುತ್ತಾಳೆ, ಏನು ನೋಡುತ್ತೀ ಅಂತ.

"ಇವತ್ತ ಚೌತಿ. ನೀರು ಬರೂ ಹೊತ್ತಾತು" ಅನ್ನುತ್ತೇನೆ.

ನೀರು ಬರುವ ಹೊತ್ತು ಗೊತ್ತಿದ್ದ ಇಬ್ಬರು, ಶೆಟ್ಟರು ಮತ್ತು ತಾತ್ಯಾ, ಆ ದಿನ ಅಲ್ಲಿದ್ದರು. ಅದಕ್ಕೆ ನನಗೆ ಈ ಮಗಳಿದ್ದಾಳೆ.