ಪಟದಜ್ಜಿ ಬರೆಯದ ಕಣ್ಣು

ಪಟದಜ್ಜಿಯ ಬಲಗೈ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಬಣ್ಣ ಕೂತಿರುತ್ತಿತ್ತು. ಆ ಬೆರಳಿನಿಂದ ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರೆ ಸಾಕು, ನನಗೆ ಮೈಯೆಲ್ಲ ಚಳಿ.

ಮುಂಬಯಿಯ ಬೈಕುಲ್ಲಾದಲ್ಲಿ ನಮ್ಮ ಚಾಳಿನ ಕೊನೆಯ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಅವರದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹುಟ್ಟಿದವರು. ಗಂಡು ಕಲಾವಿದರ ಎದುರು ಕೂರದ ದೊಡ್ಡ ಮನೆಗಳ ಹೆಂಗಸರನ್ನು ಚಿತ್ರಿಸಲು ಹರೆಯದಲ್ಲಿ ಅಜ್ಜಿಯನ್ನು ಸಾರೋಟಿನಲ್ಲಿ ಕರೆದೊಯ್ಯುತ್ತಿದ್ದರಂತೆ. ಕ್ಯಾಮೆರಾ ಬಂತು, ಸಾರೋಟು ನಿಂತಿತು. ಅರವತ್ತರ ದಶಕದ ಕೊನೆಗೆ ನಾನು ಕಂಡಾಗ, ಉಡುಪಿ ಹೋಟೆಲಿನವರು ತೀರಿಕೊಂಡ ತಂದೆಯ ಮಾಸಿದ ಫೋಟೋ ತರುತ್ತಿದ್ದರು. ಅದನ್ನು ನೋಡಿ ಅಜ್ಜಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ತೂಗುಹಾಕುವ ಪಟ ಬರೆದುಕೊಡುತ್ತಿದ್ದರು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಅದಾದ ಮೇಲೆ ಪಟಕ್ಕೆ ಹಾರ. ಅಜ್ಜಿ ಕಣ್ಣು ಬರೆದರೆಂದರೆ ಆಸಾಮಿ ಹೋದ ಎಂದೇ ಚಾಳಿನ ಮಕ್ಕಳಾದ ನಮ್ಮ ಲೆಕ್ಕ.

ಅಂಥವರು ಒಂದು ದಿನ ನನ್ನನ್ನೇ ಕರೆಯಬೇಕೇ!

"ಬಾ ಮಗಾ, ಕೂತ್ಕೊ. ಸತ್ತವರನ್ನು ಬರೆದು ಬರೆದು ಸಾಕಾಯ್ತು ಮಾರಾಯ್ತಿ. ಉಸಿರಾಡುವ ಒಂದು ಮುಖ ಬರೀಬೇಕು ನಂಗೆ. ಕಣ್ಣು ಬೇರೆ ಮಂಜಾಗ್ತಾ ಉಂಟು."

ಗೋಡೆಗೆ ಒರಗಿಸಿಟ್ಟ ಸತ್ತವರೆಲ್ಲ ನನ್ನನ್ನೇ ನೋಡುತ್ತಿರುವಾಗ ಮುಷ್ಟಿ ಬಿಗಿಹಿಡಿದು ಕೂತೆ. ದಿನಕ್ಕಿಷ್ಟರಂತೆ ಮೂಗು ಬಂತು, ತುಟಿ ಬಂತು. ನಾಳೆ ಕಣ್ಣು ಎಂದರು. ಅವತ್ತೇ ಜ್ವರ ಏರಿತು.

ಔಷಧಿಗೂ ಇಳಿಯಲಿಲ್ಲ. ಕಣ್ಣು ಬೇಡವೆಂದು ನಾನು ಕನವರಿಸುವುದು ಕೇಳಿ ಅಮ್ಮ ಅಜ್ಜಿಯ ಬಾಗಿಲಿಗೆ ಓಡಿದಳು. "ನಿಮ್ಮ ಕಾಲಿಗೆ ಬೀಳ್ತೇನೆ ಅಜ್ಜಿ, ಕಣ್ಣು ಮಾತ್ರ ಬರೀಬೇಡಿ. ನಂಗೆ ಇರುವವಳು ಒಬ್ಬಳೇ!" ಅವಳು ಅತ್ತದ್ದು ನಮ್ಮ ಖೋಲಿಗೂ ಕೇಳುತ್ತಿತ್ತು.

ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಅಮ್ಮನೆದುರೇ ಕುಂಚ ತೊಳೆದಿಟ್ಟು, "ಬರಿಯುದಿಲ್ಲ. ನೀನು ಹೋಗು, ಮಗುವಿನ ಹತ್ರ ಇರು" ಎಂದರಂತೆ.

ಜ್ವರ ಇಳಿಯಿತು, ನಾನು ಎದ್ದು ಓಡಾಡಿದೆ. ಅಜ್ಜಿ ಮತ್ತೆಂದೂ ಕೂರೆಂದು ಕೇಳಲಿಲ್ಲ. ವರ್ಷದೊಳಗೆ ಅವರಿಗೆ ದೃಷ್ಟಿಯೇ ಹೋಯಿತು. ಅಷ್ಟು ಆಸೆಪಟ್ಟು ಶುರುಮಾಡಿದ ಚಿತ್ರವನ್ನು ನನ್ನ ಭಯಕ್ಕಾಗಿ, ಅಮ್ಮನ ಕಣ್ಣೀರಿಗಾಗಿ ಬಿಟ್ಟುಕೊಟ್ಟರಲ್ಲ, ಆ ಋಣ ನಾನು ತೀರಿಸಲಾರೆ. ಅವರು ತೀರಿಕೊಂಡಾಗ ಹಾರ ಹಾಕೋಣವೆಂದರೆ ಅವರದೊಂದು ಪಟವೂ ಇರಲಿಲ್ಲ.

ಅಜ್ಜಿಯ ಖೋಲಿಯಿಂದ ತಂದಿಟ್ಟುಕೊಂಡ ನನ್ನ ಆ ಕಣ್ಣಿಲ್ಲದ ಚಿತ್ರ ಈಗ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ, ಕಪಾಟಿನ ಹಿಂದೆ ಇದೆ. "ಯಾರ ಹತ್ರನಾದ್ರೂ ಕಣ್ಣು ಬರೆಸು ಮಮ್ಮಿ, ಹಾಲ್‌ನಲ್ಲಿ ಹಾಕೋಣ" ಎಂದು ಮಗಳು ಪೀಡಿಸುತ್ತಾಳೆ. ಓದಿಕೊಂಡವಳು ನಾನು, ಆದರೂ ಒಪ್ಪಿಲ್ಲ. ನನಗೆ ಹಾರ ತರುವ ದಿನ ಬರೆಸಿಕೊಳ್ಳಿ, ಅಲ್ಲಿಯತನಕ ಯಾರೂ ಮುಟ್ಟಬೇಡಿ ಎಂದಿದ್ದೇನೆ.