ಒಂದು ಬಟ್ಟಲು, ಏಳು ಟೇಕ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಡಿಗಳು ಶಾಂತವಾಗಿರಲಿ ಎಂದು ಪ್ರತಿಭಟನೆಯ ಹಾಡು ಬರೆದವನು ನಾನು. ಅದಕ್ಕೆ ನಾಲ್ಕು ವರ್ಷ ಮೊದಲು, ಪಕ್ಕದ ಮನೆಯ ಕಾಂಪೌಂಡ್ ನಮ್ಮ ಸೈಟಿನೊಳಗೆ ಅರ್ಧ ಅಡಿ ಬಂದಿದೆ ಎಂದು ದೂರು ಬರೆದವನೂ ನಾನೇ. ಎರಡರಲ್ಲಿ ಫಲ ಕೊಟ್ಟದ್ದು ದೂರು. ಟೇಪು ಹಿಡಿದವರು ಬಂದು ಅಳೆದರು, ಪದ್ಮಮ್ಮನವರು ಗೋಡೆ ಒಡೆಸಿ ಹೊಸದಾಗಿ ಕಟ್ಟಿಸಿದರು. ಅಂದಿನಿಂದ ಅವರೂ ನಮ್ಮಮ್ಮನೂ ಮಾತು ಬಿಟ್ಟರು. ಅಮ್ಮ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ಯುದ್ಧ ಗಡಿಯಲ್ಲಿ ಮುಗಿದಿತ್ತು, ಟೀವಿಯಲ್ಲಿ ಮುಗಿದಿರಲಿಲ್ಲ. ಬನಶಂಕರಿಯ ನಾವು ನಾಲ್ಕು ಗೆಳೆಯರು ನನ್ನ ಹಾಡಿಗೆ ವಿಡಿಯೊ ಮಾಡಲು ಹೊರಟೆವು. ನಮ್ಮ ಬಜೆಟ್ ಎಂದರೆ ನಾಗರಾಜನ ಕ್ಯಾಮೆರಾ, ಅಷ್ಟೆ. ಅವನು ಮದುವೆ ವಿಡಿಯೊ ತೆಗೆಯುವವನಾದ್ದರಿಂದ, ಸಿಪಾಯಿ ವೇಷ ಹಾಕಿದವನನ್ನೂ ಮದುಮಗನ ಹಾಗೆ ಕಾಲಿನಿಂದ ಪೇಟದವರೆಗೆ ನಿಧಾನವಾಗಿ ತೋರಿಸುತ್ತಿದ್ದ.

ಹಾಡಿನ ಕೊನೆಯ ಸಾಲಿಗೆ ನಾನು ಯೋಚಿಸಿದ್ದ ದೃಶ್ಯ ಇದು: ಪದ್ಮಮ್ಮನವರ ಆ ಹೊಸ ಗೋಡೆಯ ಈಚೆಯಿಂದ ಒಂದು ಕೈ ಬಟ್ಟಲು ಕೊಡುತ್ತದೆ, ಆಚೆಯಿಂದ ಇನ್ನೊಂದು ಕೈ ತೆಗೆದುಕೊಳ್ಳುತ್ತದೆ. ಮೊದಲು ಗೆಳೆಯರೇ ಮಾಡಿ ನೋಡಿದೆವು, ನಮ್ಮ ಕೈಗಳು ಬಟ್ಟಲನ್ನು ಕ್ರಿಕೆಟ್ ಚೆಂಡಿನಂತೆ ಹಿಡಿದವು. “ಅಮ್ಮಂದಿರ ಕೈ ಬೇಕು ಗುರು,” ಎಂದ ನಾಗರಾಜ, ಮತ್ತು ತಾನೇ ಹೋಗಿ ಪದ್ಮಮ್ಮನವರನ್ನು ಕೇಳಿದ. ಅವರ ಮಗಳ ಮದುವೆ ತೆಗೆದವನಿಗೆ ಇಲ್ಲ ಎನ್ನಲಾದೀತೆ? “ಕೈ ಮಾತ್ರ, ಮುಖ ತೋರಿಸಲ್ಲ,” ಎಂದರು. ಅಮ್ಮನದೂ ಅದೇ ಷರತ್ತು. ಈ ನೆಪದಲ್ಲಾದರೂ ಇಬ್ಬರೂ ಒಂದು ಮಾತಾಡಿಬಿಟ್ಟರೆ ಸಾಕು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ದೇಶಗಳ ಚಿಂತೆ ಆ ಹೊತ್ತು ನನಗಿರಲಿಲ್ಲ.

ಅಮ್ಮನ ಕೈಗೆ ಸ್ಟೀಲ್ ಬಟ್ಟಲು ಕೊಟ್ಟೆ.

“ಖಾಲಿ ಬಟ್ಟಲು ಯಾರಾದ್ರೂ ಕೊಡ್ತಾರೇನೋ?” ಎಂದವಳೇ ಒಳಗೆ ಹೋಗಿ ಹುಳಿ ತುಂಬಿಕೊಂಡು ಬಂದಳು.

ಕೊಟ್ಟಳು. ಆಚೆಯ ಕೈ ತೆಗೆದುಕೊಂಡಿತು. ನೆರಳು ಬಿತ್ತು, ಇನ್ನೊಂದು ಟೇಕ್ ಎಂದ ನಾಗರಾಜ. ಅದಕ್ಕೆ ಬಟ್ಟಲು ಈಚೆಗೆ ಬರಬೇಕು. ಪದ್ಮಮ್ಮನವರು ಮಾತ್ರ ಖಾಲಿ ಕೊಟ್ಟಾರೆಯೇ? ತೊಳೆದು ಚಟ್ನಿಪುಡಿ ತುಂಬಿ ಕೊಟ್ಟರು. ಅಮ್ಮ ಅದನ್ನು ಡಬ್ಬಿಗೆ ಸುರಿದು ಕೋಸಂಬರಿ ತಂದಳು. ಹಿಂದಿನ ರಸ್ತೆಯಲ್ಲಿ ಆಟೋ ಒಂದು ಹಾದು ಆ ಟೇಕೂ ಕೆಟ್ಟಿತು. ಆಚೆಯಿಂದ ಉಪ್ಪಿನಕಾಯಿ ಬಂತು. ಹೀಗೆ ಆರು ಟೇಕ್, ಒಂದೊಂದರಲ್ಲೂ ಬೇರೆ ಬೇರೆ ಪದಾರ್ಥ. “ಕಂಟಿನ್ಯುಟಿ ಹೋಯ್ತು ಮಗಾ!” ಎಂದು ನಾಗರಾಜ ತಲೆ ಚಚ್ಚಿಕೊಂಡ.

ನಾನು ಬೆರಗಾಗಿ ನಿಂತುಬಿಟ್ಟಿದ್ದೆ. ಹಾಡಿಗೆಂದು ಲೈಬ್ರರಿಯಲ್ಲಿ ಕೂತು ದೇಶದೇಶಗಳ ಒಪ್ಪಂದಗಳನ್ನು ಓದಿದ್ದೆ. ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬಾರದು ಎಂಬ ಕಲಮು ಒಂದರಲ್ಲೂ ಇರಲಿಲ್ಲ. ಇಲ್ಲಿ ಇಬ್ಬರು ಹೆಂಗಸರು, ಮುಖ ನೋಡದಷ್ಟು ಸಿಟ್ಟಿನಲ್ಲೂ, ಅದನ್ನು ಮೀರಲಾರದೆ ಹೋಗಿದ್ದರು. ಇಷ್ಟು ದೊಡ್ಡದು ನಮ್ಮ ಹಿತ್ತಲಲ್ಲೇ ಇದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಮೈ ಜುಮ್ಮೆಂದಿತು.

ಏಳನೆಯ ಟೇಕ್‌ಗೆ ಅಡುಗೆಮನೆ ಬರಿದಾಗಿತ್ತು. ಅಮ್ಮ ಎರಡು ಅಚ್ಚು ಬೆಲ್ಲ ಇಟ್ಟು ಕೊಟ್ಟಳು. ಆಚೆಯ ಕೈ ಬಟ್ಟಲನ್ನು ಮುಟ್ಟಿ ಹಿಂದೆ ಸರಿಯಿತು.

“ನಾಗರಾಜ, ನಂಗೆ ಶುಗರ್ ಬಂದಿದೆ ಅಂತ ಹೇಳಪ್ಪ ಅವರಿಗೆ.”

ನಾಗರಾಜ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಗೋಡೆಗೆ ಎದೆಯೊತ್ತಿ ಬಗ್ಗಿದ್ದಳು. “ಯಾವಾಗಿಂದ ಪದ್ಮಾ?”

“ಎರಡು ವರ್ಷ ಆಯ್ತು.”

“ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?”

“ಹೇಳೋದು ಬೇಕಾದಷ್ಟಿದೆ. ಇರಿ, ಸ್ಟೂಲ್ ತರ್ತೀನಿ.”

ನಾಗರಾಜ ಕ್ಯಾಮೆರಾ ಇಳಿಸಿದ. ಆ ದೃಶ್ಯ ನಮಗೆ ಸಿಗಲೇ ಇಲ್ಲ, ಕೊನೆಯ ಸಾಲು ಕಪ್ಪು ಪರದೆಯ ಮೇಲೆಯೇ ಮುಗಿಯಿತು. ಜಯನಗರದ ಗೆಳೆಯನೊಬ್ಬನ ಮನೆಯಲ್ಲಿ ಅದನ್ನು ನೋಡಿದವರು ಬಹಳ ಅರ್ಥಗರ್ಭಿತವಾಗಿದೆ ಎಂದು ಹೊಗಳಿದರು. ಅಮ್ಮ ನೋಡಲು ಬರಲಿಲ್ಲ. ಅದೇ ಹೊತ್ತಿಗೆ ಪದ್ಮಮ್ಮನವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು.